ಎಂಟರಿಂದ ಹದಿನೆಂಟಕ್ಕೆ

ಇತಿಹಾಸದ ಪಾಠದಲ್ಲಿ ಶಾರದಾ ಕಾಯ್ದೆ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಇಸವಿ ಬರೆದು ಅಂಕ ಪಡೆದ ಮಕ್ಕಳು ಅದನ್ನು ಮರೆಯುತ್ತಾರೆ. ಆ ಸಾಲಿನ ಹಿಂದೆ ಎಷ್ಟು ಎಳೆಯ ಜೀವಗಳು ಸವೆದವು ಎಂಬುದನ್ನು ಹೆಂಗಸರಾದ ನಾವಾದರೂ ನೆನಪಿಡಬೇಕು.

1860ರ ದಂಡಸಂಹಿತೆಯ ಪ್ರಕಾರ ಹೆಂಡತಿಗೆ ಹತ್ತು ವರ್ಷ ತುಂಬಿದರೆ ಸಾಕು, ಗಂಡನ ಬಲಾತ್ಕಾರ ಅಪರಾಧವೇ ಅಲ್ಲ. 1890ರಲ್ಲಿ ಕಲ್ಕತ್ತೆಯ ನ್ಯಾಯಾಲಯಕ್ಕೆ ಫೂಲ್‌ಮಣಿ ದಾಸಿ ಎಂಬ ಬಾಲೆಯ ಸಾವಿನ ಮೊಕದ್ದಮೆ ಬಂತು. ಗಂಡನಿಂದಾದ ಗಾಯದಿಂದಲೇ ಆಕೆ ಸತ್ತಿದ್ದಳು. ಆದರೆ ವಯಸ್ಸು ಹತ್ತು ದಾಟಿದ್ದರಿಂದ ಅತ್ಯಾಚಾರವೆನ್ನಲು ಕಾನೂನಿಗೆ ಬಾಯಿಯಿರಲಿಲ್ಲ. ಆತನಿಗೆ ಸಿಕ್ಕಿದ್ದು ಒಂದು ವರ್ಷದ ಸಜೆ. 1891ರಲ್ಲಿ ಸರ್ಕಾರ ಹತ್ತನ್ನು ಹನ್ನೆರಡು ಮಾಡಿತು. ಅಷ್ಟಕ್ಕೇ ಧರ್ಮ ಕೆಟ್ಟಿತೆಂದು ಕೂಗೆದ್ದಿತು. ಲೋಕಮಾನ್ಯ ತಿಲಕರಂಥವರೂ ವಿರೋಧಿಸಿದರು.

ಈ ಮಾತಿನಲ್ಲಿ ನಮ್ಮ ಮೈಸೂರು ಸಂಸ್ಥಾನ ಒಂದು ಹೆಜ್ಜೆ ಮುಂದಿಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಎಂಟು ತುಂಬದ ಹುಡುಗಿಯ ಮದುವೆಯನ್ನೇ ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವಂತಿರಲಿಲ್ಲ. ಎಂಟು ಎಂದರೆ ಇಂದಿನ ಮೂರನೇ ತರಗತಿ! ನಮಗೆ ಮೈ ಜುಂ ಎನ್ನುತ್ತದೆ. ಆದರೆ ಅಂದಿಗೆ ಅದೇ ಧೈರ್ಯದ ಕಾನೂನು.

ಹರಬಿಲಾಸ ಶಾರದಾ ಅವರ ಮಸೂದೆ 1929ರಲ್ಲಿ ಕಾಯ್ದೆಯಾಯಿತು. ಹುಡುಗಿಗೆ 14, ಹುಡುಗನಿಗೆ 18. ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ನಡುವಿನ ಆರು ತಿಂಗಳಲ್ಲಿ ಜನ ಮುಹೂರ್ತದ ಮೇಲೆ ಮುಹೂರ್ತ ಇಟ್ಟು ಮಕ್ಕಳ ಕೊರಳಿಗೆ ತಾಳಿ ಕಟ್ಟಿಸಿದರು. ಕಾಯ್ದೆ ಬ್ರಿಟಿಷ್ ಆಳ್ವಿಕೆಯ ಧಾರವಾಡಕ್ಕೆ ಅನ್ವಯಿಸಿತು, ಮೈಸೂರು ಸಂಸ್ಥಾನಕ್ಕೆ ಅನ್ವಯಿಸಲಿಲ್ಲ. ಕನ್ನಡದ ಮನೆಮಗಳ ರಕ್ಷಣೆಯೂ ಅವಳು ಯಾವ ಗಡಿಯೊಳಗೆ ಹುಟ್ಟಿದಳೆಂಬುದರ ಮೇಲೆ ನಿಂತಿತ್ತು. ಅನ್ವಯಿಸಿದಲ್ಲಿಯೂ ಪೊಲೀಸರು ತಾವಾಗಿ ಕೈಹಾಕುವಂತಿರಲಿಲ್ಲ. ಯಾರಾದರೂ ನ್ಯಾಯಾಲಯಕ್ಕೆ ದೂರು ಕೊಡಬೇಕಿತ್ತು. ನೆಂಟರಿಷ್ಟರೆಲ್ಲ ಅದೇ ಚಪ್ಪರದಲ್ಲಿ ಉಂಡವರಾದಾಗ ದೂರು ಕೊಡುವವರಾರು?

1949ರಲ್ಲಿ ಹದಿನೈದು, 1978ರಲ್ಲಿ ಹದಿನೆಂಟು. ಪೊಲೀಸರಿಗೆ ತನಿಖೆಯ ಅಧಿಕಾರ ಬಂದದ್ದೂ 1978ರಲ್ಲೇ. ಆದರೆ ಒಂದು ಕಂದಕ ಉಳಿದೇ ಹೋಯಿತು. ಮದುವೆಗೆ ಹದಿನೆಂಟಾಗಬೇಕೆಂದ ಸರ್ಕಾರದ ದಂಡಸಂಹಿತೆ, ಮದುವೆಯಾಗಿಬಿಟ್ಟವಳಿಗೆ ಹದಿನೈದರ ರಕ್ಷಣೆಯನ್ನಷ್ಟೇ ಕೊಟ್ಟಿತ್ತು. ತಪ್ಪಾದ ಮದುವೆಯೇ ಮುಂದಿನ ತಪ್ಪಿಗೆ ಪರವಾನಗಿ! ಸುಪ್ರೀಂ ಕೋರ್ಟ್ ಇದನ್ನು ಹದಿನೆಂಟಕ್ಕೆ ಏರಿಸಿದ್ದು 2017ರಲ್ಲಿ.

ನನ್ನ ಮಟ್ಟಿಗೆ ನಿಜವಾದ ತಿರುವು 2006ರ ಕಾಯ್ದೆ. ಬಾಲ್ಯವಿವಾಹ ತಡೆಯುವ ಅಧಿಕಾರಿಗಳನ್ನು ಅದು ನೇಮಿಸಿತು. ಮದುವೆ ನಡೆಯದಂತೆ ತಡೆಯಾಜ್ಞೆ ಕೊಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟಿತು. ಆಜ್ಞೆ ಮೀರಿದ ಮದುವೆ ಮದುವೆಯೇ ಅಲ್ಲವೆಂದಿತು. ನಮ್ಮ ರಾಜ್ಯ 2016ರ ತಿದ್ದುಪಡಿಯಲ್ಲಿ ಇನ್ನೂ ಮುಂದೆ ಹೋಗಿ, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿತು. ಸತ್ತ ಮೇಲೆ ವಿಚಾರಿಸುತ್ತಿದ್ದ ಕಾನೂನು, ಧಾರೆಗೆ ಮುಂಚೆಯೇ ಬಾಗಿಲು ತಟ್ಟುವುದನ್ನು ಕಲಿತಿತ್ತು.

ಅದಕ್ಕೆ ದಾರಿ ತೋರಿಸುವವರು ಮಾತ್ರ ನಾವೇ ಆಗಬೇಕು. ಹುಡುಗಿಯ ವಯಸ್ಸೆಷ್ಟೆಂಬ ವಾದ ಎದ್ದಾಗ ಅಧಿಕಾರಿಗಳು ಕೇಳುವುದು ಶಾಲೆಯ ದಾಖಲಾತಿ ಪುಸ್ತಕವನ್ನು. ಫೂಲ್‌ಮಣಿಯ ಕಾಲದಲ್ಲಿ ವಯಸ್ಸನ್ನು ಹಿರಿಯರ ನೆನಪಿನಿಂದ ಹೇಳಿಸಬೇಕಿತ್ತು; ಇಂದು ಅದು ನಮ್ಮ ಬೀರುವಿನಲ್ಲಿದೆ. ಬೇಸಗೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯ ಟಿ.ಸಿ. ಕೇಳಿಕೊಂಡು ಬಂದ ತಂದೆಯನ್ನು "ಯಾವ ಶಾಲೆಗೆ ಸೇರಿಸುತ್ತೀರಿ?" ಎಂದು ಕೇಳುವುದು ಕುತೂಹಲವಲ್ಲ, ಕರ್ತವ್ಯ. ಪಕ್ಕದ ಮನೆಯಲ್ಲಿ ಚಪ್ಪರ ಏಳುತ್ತಿದ್ದರೆ, ವಧು ಇನ್ನೂ ಮಗುವೆಂದು ಗೊತ್ತಿದ್ದರೆ, 1098ಕ್ಕೆ ಒಂದು ಫೋನ್ ಮಾಡಿ. ಹೇಳಿದವರು ಯಾರೆಂದು ಊರಿಗೆ ತಿಳಿಯಬೇಕಾಗಿಲ್ಲ. ಹುಡುಗಿ ಜೂನ್‌ನಲ್ಲಿ ಮತ್ತೆ ತರಗತಿಗೆ ಬಂದರೆ ಸಾಕು.