ಮುದಗಲ್ ಸಂತೆಯ ಜವಾರಿ ಮೆಣಸಿನಕಾಯಿ

ಗುರುಗುಂಟಾ ಬಸ್ ನಿಲ್ದಾಣದ ಬಳಿ ಬೆಳಗಿನ ಹೊತ್ತು ಇಳಿದವರನ್ನು ಮೊದಲು ಕರೆಯುವುದು ಮಿರ್ಚಿ ಕರಿಯುವ ಎಣ್ಣೆಯ ವಾಸನೆ. ಒಗ್ಗರಣೆಯ ಜೊತೆ ಎರಡು ಬಿಸಿ ಮಿರ್ಚಿ ತಿನ್ನದೆ ಲಿಂಗಸುಗೂರು ಸೀಮೆಯಲ್ಲಿ ಪ್ರವಾಸ ಹೊರಡುವವರು ಕಡಿಮೆ. ನಿಜಾಮರ ಕಾಲದಲ್ಲಿ ಸಣ್ಣದೊಂದು ಸಂಸ್ಥಾನವಾಗಿದ್ದ, ಅಮರೇಶ್ವರನ ಹೆಸರಿನಿಂದ ಸುತ್ತಲಿನವರಿಗೆಲ್ಲ ಪರಿಚಿತವಾದ ಈ ಊರಿನಿಂದ ಲಿಂಗಸುಗೂರಿಗೆ, ಅಲ್ಲಿಂದ ಸುಮಾರು ಹದಿನಾರು ಕಿಲೋಮೀಟರ್ ದೂರದ ಮುದಗಲ್ಲಿಗೆ ಹೊರಟಿದ್ದೆ. ಮುದಗಲ್ ಕೋಟೆಯ ಬಗ್ಗೆ ಬರೆಯಬೇಕೆಂಬುದು ಉದ್ದೇಶವಾಗಿತ್ತು.

ಕೈಚೀಲದಲ್ಲಿ ದಾರಿಯಲ್ಲಿ ಓದಲೆಂದು ಇಟ್ಟುಕೊಂಡಿದ್ದ ಒಂದು ಪ್ರವಾಸಿ ಪುಸ್ತಕವಿತ್ತು. ಅದು ಮೆಕ್ಸಿಕೋ ದೇಶದ ಪುಯೆಬ್ಲಾ ನಗರದ ಕುರಿತದ್ದು. ಸ್ಪೇನಿನವರು 1531ರಲ್ಲಿ ಕಟ್ಟಿದ ಊರು ಅದು. ಗೆರೆ ಎಳೆದಂತೆ ನೇರವಾದ ಬೀದಿಗಳು, ದೊಡ್ಡ ಚರ್ಚು, ಗೋಡೆಗಳ ಮೇಲೆ ನೀಲಿ-ಬಿಳಿ ಹೊಳಪಿನ ಹಂಚುಗಳು. 1987ರಲ್ಲಿ ಅದರ ಹಳೆಯ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಅಲ್ಲಿಗೆ ಬರುವ ಪ್ರವಾಸಿಗರು ಚರ್ಚು ನೋಡಿದ ಮೇಲೆ ತಪ್ಪದೆ ಸಂತೆಗೆ ಹೋಗುತ್ತಾರಂತೆ. ಊರಿನ ಅರ್ಧ ಚರಿತ್ರೆ ಅಲ್ಲಿಯೇ ಇದೆಯೆಂದು ಪುಸ್ತಕದ ಅಭಿಪ್ರಾಯ. ನಾವು ಮಾತ್ರ ಕೋಟೆ ನೋಡಿ, ಫೋಟೋ ತೆಗೆಸಿಕೊಂಡು, ಸಂತೆಯ ಪಕ್ಕದಿಂದಲೇ ಬಸ್ ಹತ್ತಿ ಮರಳುತ್ತೇವೆ. ಈ ಸಲ ಹಾಗೆ ಮಾಡಬಾರದೆಂದುಕೊಂಡೆ.

ಕೋಟೆ ಹೇಳುವ ಕಥೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ನೆಲವನ್ನು ಇತಿಹಾಸದ ಪುಸ್ತಕಗಳು ರಾಯಚೂರು ದೋಆಬ್ ಎಂದು ಕರೆಯುತ್ತವೆ. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಬಳಿಕ ಬಿಜಾಪುರದ ಆದಿಲ್‌ಶಾಹಿಗಳೂ ಎರಡು ಶತಮಾನಗಳ ಕಾಲ ಇದಕ್ಕಾಗಿ ಹೊಡೆದಾಡಿದರು. ರಾಯಚೂರು ಮತ್ತು ಮುದಗಲ್ ಕೋಟೆಗಳು ಯಾರ ಕೈಯಲ್ಲಿದ್ದರೆ ಸೀಮೆಯೂ ಅವರ ಕೈಯಲ್ಲಿ. ಮುದಗಲ್ಲಿನ ಅಗಲವಾದ ಕಂದಕ, ಎರಡು ಸುತ್ತಿನ ಗೋಡೆ, ಫತೇ ದರವಾಜಾ, ಕಾಟೀ ದರವಾಜಾ ಎಂಬ ಹೆಬ್ಬಾಗಿಲುಗಳು, ಬಂಡೆಗಲ್ಲಿನ ಗುಡ್ಡದ ಮೇಲಿನ ಒಳಕೋಟೆ ಎಲ್ಲವೂ ಆ ಹೋರಾಟದ ಗುರುತುಗಳು.

ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ಟಾ ಹೇಳುವ ಒಂದು ಕಥೆ ಓದುಗರಿಗೆ ಗೊತ್ತಿರಬಹುದು. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳ ಚೆಲುವಿನ ಸುದ್ದಿ ಕೇಳಿದ ವಿಜಯನಗರದ ಒಂದನೆಯ ದೇವರಾಯ ಆಕೆಯನ್ನು ಬಯಸಿದ. ಆಕೆ ಒಪ್ಪಲಿಲ್ಲ. ಅರಸನ ಸೈನ್ಯ ಮುದಗಲ್ಲಿನ ಕಡೆಗೆ ನುಗ್ಗಿತು, ಫಿರೋಜ್ ಷಾ ಬಹಮನಿ ಅದನ್ನೇ ನೆಪ ಮಾಡಿಕೊಂಡು 1406ರಲ್ಲಿ ಯುದ್ಧಕ್ಕೆ ಬಂದ. ಇದು ನಡೆದು ಎರಡು ಶತಮಾನಗಳ ನಂತರ ಬರೆದ ಕಥೆ. ಎಷ್ಟು ನಿಜವೆಂಬುದು ಬೇರೆ ಮಾತು. ಆದರೆ ಹುಡುಗಿಯ ಮಾತನ್ನು ಯಾರೂ ಕೇಳಿಸಿಕೊಳ್ಳದೆ ಆಕೆಯ ಹೆಸರಿನಲ್ಲಿ ಸೈನ್ಯಗಳು ಸೀಮೆಯನ್ನು ತುಳಿದವೆಂಬುದನ್ನು ನಂಬುವುದು ಕಷ್ಟವೇನಲ್ಲ.

ಇಂದು ಈ ಸೀಮೆಯ ಪಾಳುಕೋಟೆ, ಬಯಲು, ಕೆರೆದಂಡೆಗಳಲ್ಲೆಲ್ಲ ಬಳ್ಳಾರಿ ಜಾಲಿ ಬೆಳೆಯುತ್ತದೆ. ಹೆಸರೇನೋ ಬಳ್ಳಾರಿಯದು, ಗಿಡ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಅದರ ಮೂಲ ನೆಲೆಗಳಲ್ಲಿ ಮೆಕ್ಸಿಕೋವೂ ಒಂದು. ಸಂತೆಯ ಲೆಕ್ಕ ಶುರುವಾದದ್ದು ಇಲ್ಲಿಂದ.

ಒಂದೇ ಕಾಲದ ಎರಡು ಪೇಟೆಗಳು

ಸಂತೆಯಲ್ಲಿ ಗೋಣಿತಟ್ಟಿನ ಮೇಲೆ ಹಸಿಮೆಣಸಿನಕಾಯಿ ರಾಶಿ ಹಾಕಿಕೊಂಡು ಕುಳಿತಿದ್ದ ಹಿರಿಯ ಹೆಂಗಸು ನನ್ನನ್ನು ಕರೆದರು.

“ಜವಾರಿ ಅದ ತಮ್ಮಾ, ಹೈಬ್ರೀಡ್ ಅಲ್ಲ. ತಗೋ.”

“ಜವಾರಿ ಅಂದ್ರ ಎಲ್ಲೀದು ಯವ್ವಾ?”

“ಎಲ್ಲೀದು ಅಂದ್ರ? ನಮ್ಮ ಹೊಲದ್ದು. ನಮ್ಮತ್ತಿ ಬೀಜ ಇಟ್ಟಿದ್ಲು, ಅವರತ್ತಿ ಅಕಿಗೆ ಕೊಟ್ಟಿದ್ಲು.”

ಉತ್ತರ ಕರ್ನಾಟಕದಲ್ಲಿ ‘ಜವಾರಿ’ ಎಂದರೆ ನಮ್ಮ ನೆಲದ್ದು, ನಾಟಿ ತಳಿ, ಕಲಬೆರಕೆಯಿಲ್ಲದ್ದು. ಆ ತಾಯಿ ಹೇಳಿದ್ದು ಸುಳ್ಳಲ್ಲ. ಆದರೆ ಅತ್ತೆಯ ಅತ್ತೆ, ಅವರ ಅತ್ತೆ ಎಂದು ಹಿಂದಕ್ಕೆ ಹೋಗುತ್ತ ಸುಮಾರು ಐದುನೂರು ವರ್ಷ ದಾಟಿದರೆ ಈ ನೆಲದಲ್ಲಿ ಮೆಣಸಿನಕಾಯಿಯೇ ಇರಲಿಲ್ಲ.

ಇದಕ್ಕೆ ಸಾಕ್ಷಿ ಹತ್ತಿರದ ಹಂಪಿಯಲ್ಲಿಯೇ ಸಿಗುತ್ತದೆ. ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಗೆದ್ದದ್ದು 1520ರಲ್ಲಿ. ಆ ಮುತ್ತಿಗೆಯಲ್ಲಿ ಪೋರ್ಚುಗೀಸ್ ಬಂದೂಕುದಾರರೂ ಅವನ ಪರ ಇದ್ದರು. ಸುಮಾರು ಅದೇ ಹೊತ್ತಿಗೆ ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರದ ಪೇಟೆಗಳನ್ನು ಸುತ್ತಿ ಕಂಡದ್ದನ್ನು ಬರೆದಿಟ್ಟ. ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ, ನಿಂಬೆ, ಕಿತ್ತಳೆ, ಬದನೆ, ದ್ರಾಕ್ಷಿ, ದಾಳಿಂಬೆ, ರತ್ನಗಳು, ಕುದುರೆಗಳು ಎಲ್ಲವೂ ಅವನ ಬರಹದಲ್ಲಿವೆ. ಮೆಣಸಿನಕಾಯಿಯ ಸುದ್ದಿಯಿಲ್ಲ. ಆಗ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು, ಹಿಪ್ಪಲಿ, ಶುಂಠಿ.

ಈಗ ಭೂಗೋಳದ ಇನ್ನೊಂದು ಬದಿಗೆ ಹೋಗೋಣ. 1519ರ ನವೆಂಬರ್‌ನಲ್ಲಿ ಹೆರ್ನಾನ್ ಕೊರ್ಟೆಸ್ ಎಂಬ ಸ್ಪ್ಯಾನಿಷ್ ದಂಡನಾಯಕ ಇಂದಿನ ಮೆಕ್ಸಿಕೋ ನಗರದ ಜಾಗದಲ್ಲಿದ್ದ ಆಜ್ಟೆಕ್ ಜನರ ರಾಜಧಾನಿಯನ್ನು ಹೊಕ್ಕ. ಅವನ ಜೊತೆಗಿದ್ದ ಸೈನಿಕ ಬೆರ್ನಾಲ್ ದಿಯಾಸ್ ಮುದುಕನಾದ ಮೇಲೆ ತನ್ನ ನೆನಪುಗಳನ್ನು ಬರೆದ. ರೋಮ್, ಕಾನ್‌ಸ್ಟಾಂಟಿನೋಪಲ್ ನೋಡಿ ಬಂದಿದ್ದ ಸಂಗಾತಿಗಳು ಕೂಡ ಅಲ್ಲಿನ ತ್ಲಾತೆಲೋಲ್ಕೊ ಪೇಟೆಯಷ್ಟು ದೊಡ್ಡದನ್ನು, ಅಷ್ಟು ಶಿಸ್ತಿನದನ್ನು ಎಲ್ಲಿಯೂ ಕಂಡಿಲ್ಲವೆಂದರು ಎಂದು ಅವನು ನೆನೆಯುತ್ತಾನೆ. ಆ ಪೇಟೆಯ ಜನರಿಗೆ ಮೆಣಸಿನಕಾಯಿ, ಮೆಕ್ಕೆಜೋಳ, ಟೊಮೇಟೊ ದಿನಬಳಕೆಯ ವಸ್ತುಗಳು. ಕಾಳುಮೆಣಸು ಅಲ್ಲಿರಲಿಲ್ಲ, ಮಾವಿನಹಣ್ಣೂ ಇರಲಿಲ್ಲ.

ಒಂದೆರಡು ವರ್ಷಗಳ ಅಂತರದಲ್ಲಿ ಐರೋಪ್ಯರು ಬೆರಗಿನಿಂದ ನೋಡಿದ ಈ ಎರಡು ಪೇಟೆಗಳಿಗೆ ಒಂದಕ್ಕೊಂದು ಇರುವುದೇ ಗೊತ್ತಿರಲಿಲ್ಲ. ಎರಡರ ಗತಿಯೂ ಹೆಚ್ಚುಕಡಿಮೆ ಒಂದೇ ಆಯಿತು. ಆಜ್ಟೆಕ್ ರಾಜಧಾನಿ 1521ರಲ್ಲಿ ಸ್ಪೇನಿನವರ ಕೈಗೆ ಬಿದ್ದು ಹಾಳಾಯಿತು. ಹತ್ತು ವರ್ಷಗಳ ನಂತರ ಅಲ್ಲಿಂದ ಸಮುದ್ರದ ದಾರಿಯಲ್ಲಿ ಪುಯೆಬ್ಲಾ ಹುಟ್ಟಿತು. ವಿಜಯನಗರ 1565ರ ರಕ್ಕಸತಂಗಡಿ ಯುದ್ಧದ ಬಳಿಕ ಹಾಳಾಯಿತು. ಅಷ್ಟರೊಳಗೆ ಮೆಣಸಿನಕಾಯಿ ನಮ್ಮ ಕರಾವಳಿಯಲ್ಲಿ ಬೇರುಬಿಟ್ಟಿತ್ತು. 1510ರಲ್ಲಿ ಬಿಜಾಪುರದವರಿಂದ ಗೋವೆಯನ್ನು ಕಸಿದುಕೊಂಡಿದ್ದ ಪೋರ್ಚುಗೀಸರ ಹಡಗುಗಳು ಅದನ್ನು ತಂದವು. ಗೋವೆಯ ಬಂದರಿನಿಂದ ಘಟ್ಟ ಹತ್ತಿ ಬಯಲುಸೀಮೆಗೆ ಬಂದದ್ದು ಯಾವ ಅರಸನ ಅಪ್ಪಣೆಯಿಂದಲೂ ಅಲ್ಲ. ಎತ್ತಿನ ಹೇರಿನಲ್ಲಿ, ಸಂತೆಯಿಂದ ಸಂತೆಗೆ, ಅತ್ತೆಯಿಂದ ಸೊಸೆಗೆ.

ಹೆಸರಿನೊಳಗಿನ ದಾರಿ

ಹೊಸ ಪದಾರ್ಥ ಬಂದಾಗ ಜನ ಅದಕ್ಕೆ ಕೈಗೆ ಸಿಕ್ಕ ಹಳೆಯ ಹೆಸರನ್ನೇ ತೊಡಿಸುತ್ತಾರೆ. ‘ಮೆಣಸು’ ಎಂಬುದು ಮೊದಲು ಬಳ್ಳಿಯಲ್ಲಿ ಬೆಳೆಯುವ ಕಾಳಿನ ಹೆಸರು. ಖಾರದ ಕಾಯಿ ಬಂದು ‘ಮೆಣಸಿನಕಾಯಿ’ ಆಯಿತು. ಕ್ರಮೇಣ ಮನೆಯ ಯಜಮಾನನಾಗಿದ್ದ ಮೆಣಸು ತಾನೇ ‘ಕರಿಮೆಣಸು’, ‘ಕಾಳುಮೆಣಸು’ ಎಂದು ಗುರುತು ಹೇಳಿಕೊಳ್ಳಬೇಕಾಯಿತು. ‘ಮಿರ್ಚಿ’ ಎಂಬ ಮಾತಿನ ಮೂಲವಾದ ಸಂಸ್ಕೃತದ ‘ಮರೀಚ’ ಕೂಡ ಕಾಳುಮೆಣಸೇ.

ಸಂತೆಯ ಮುಂದಿನ ಸಾಲಿನಲ್ಲಿ ಮೆಕ್ಕೆಜೋಳದ ತೆನೆಗಳಿದ್ದವು. ಮೆಕ್ಸಿಕೋದ ಜನ ಸಾವಿರಾರು ವರ್ಷಗಳ ಹಿಂದೆ ಕಾಡುಹುಲ್ಲಿನಿಂದ ಪಳಗಿಸಿದ ಬೆಳೆ ಅದು. ಕನ್ನಡದಲ್ಲಿ ಅದರ ಹೆಸರಿಗೆ ಮೆಕ್ಕಾ ಪಟ್ಟಣ ಅಂಟಿಕೊಂಡಿದೆ. ಸಮುದ್ರದ ಆಚೆಯಿಂದ ಬಂದದ್ದೆಂದರೆ ಆಗಿನವರಿಗೆ ಹೊಳೆಯುತ್ತಿದ್ದ ದೂರದ ಊರು ಅದೇ. ಪಪ್ಪಾಯಿಯನ್ನು ಮೈಸೂರು ಕಡೆಯವರು ಪರಂಗಿ ಹಣ್ಣು ಎಂದು ಕರೆದು ‘ಫರಂಗಿ’ಗಳ ನೆನಪನ್ನು ಉಳಿಸಿದ್ದಾರೆ. ಸೀತಾಫಲವೂ ಅಮೆರಿಕದ್ದೇ, ಅದಕ್ಕೆ ಜನ ಸೀತಾಮಾತೆಯ ಹೆಸರನ್ನೇ ಕೊಟ್ಟರು. ಟೊಮೇಟೊ, ಸಪೋಟ, ಚಿಕ್ಕು ಎಂಬ ಮಾತುಗಳಂತೂ ಮೆಕ್ಸಿಕೋದ ಮೂಲನಿವಾಸಿಗಳ ನಾಹುವಾಟಲ್ ಭಾಷೆಯಿಂದ ಹೊರಟು, ಸ್ಪ್ಯಾನಿಷರ ಬಾಯಲ್ಲಿ ಸವೆದು ನಮ್ಮಲ್ಲಿಗೆ ಬಂದವು. ದಸರೆ, ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡುಹೂವು ಮೆಕ್ಸಿಕೋದ್ದು. ಅಲ್ಲಿನವರು ನವೆಂಬರ್ ಮೊದಲೆರಡು ದಿನ ತೀರಿಕೊಂಡ ಹಿರಿಯರನ್ನು ಮನೆಗೆ ಕರೆಯಲು ಅದೇ ಹೂವನ್ನು ಚೆಲ್ಲುತ್ತಾರೆ.

ರಾಯಚೂರು ಜಿಲ್ಲೆಯ ರೈತನ ಬದುಕನ್ನು ಹಿಡಿದು ಅಲ್ಲಾಡಿಸುವ ಹತ್ತಿಯ ಕಥೆಯೂ ಬೇರೆಯಲ್ಲ. ಕಪ್ಪುನೆಲದ ಜವಾರಿ ಹತ್ತಿ ಹಳೆಯ ಲೋಕದ ತಳಿ. 1840ರ ದಶಕದಲ್ಲಿ ಇಂಗ್ಲಿಷರು ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸಿದರು. 2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯೂ ಅದೇ ಜಾತಿಗೆ ಸೇರಿದ್ದು. ಆ ಜಾತಿಯ ತವರು ಮೆಕ್ಸಿಕೋ.

ಮರಳಿ ಹೋದದ್ದು

ಕೊಡುಕೊಳ್ಳುವಿಕೆ ಒಂದು ಕಡೆಯದಲ್ಲ. ರಕ್ಕಸತಂಗಡಿ ಯುದ್ಧ ನಡೆದ 1565ರಲ್ಲಿಯೇ ಫಿಲಿಪೈನ್ಸ್‌ನಿಂದ ಮೆಕ್ಸಿಕೋದ ಅಕಪುಲ್ಕೊ ಬಂದರಿಗೆ ಮರಳುವ ಹಡಗಿನ ದಾರಿಯನ್ನು ಸ್ಪೇನಿನವರು ಕಂಡುಕೊಂಡರು. 1815ರವರೆಗೆ, ಎರಡೂವರೆ ಶತಮಾನ ಆ ಹಡಗುಗಳು ಓಡಾಡಿದವು. ಹೋಗುವಾಗ ಮೆಕ್ಸಿಕೋದ ಬೆಳ್ಳಿ, ಬರುವಾಗ ಏಷ್ಯಾದ ರೇಷ್ಮೆ, ಹತ್ತಿಬಟ್ಟೆ, ಸಾಂಬಾರ ಪದಾರ್ಥ. ಮಾವು, ಹುಣಸೆ ಕೂಡ ಮೆಕ್ಸಿಕೋದಲ್ಲಿ ನೆಲೆಯೂರಿದವು. ಪುಯೆಬ್ಲಾದ ಹೆಸರಾಂತ ಅಡುಗೆ ‘ಮೋಲೆ’ ಎಂಬ ಮಸಾಲೆ ಗೊಜ್ಜಿನಲ್ಲಿ ಅಲ್ಲಿನ ಮೆಣಸಿನಕಾಯಿ, ಕೋಕೋ ಜೊತೆಗೆ ನಮ್ಮ ಕಡೆಯ ಲವಂಗ, ದಾಲ್ಚಿನ್ನಿ, ಕಾಳುಮೆಣಸು ಬೀಳುತ್ತವೆ.

ಸರಕಿನ ಜೊತೆ ಮನುಷ್ಯರನ್ನೂ ಸಾಗಿಸಿದರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಭಾರತದ ಒಬ್ಬ ಹುಡುಗಿಯನ್ನು ಪೋರ್ಚುಗೀಸ್ ಕಡಲುಗಳ್ಳರು ಹಿಡಿದೊಯ್ದರು. ಕೊಚ್ಚಿಯಲ್ಲಿ ಆಕೆಗೆ ಕ್ರೈಸ್ತ ದೀಕ್ಷೆಯಾಯಿತು, ಮನಿಲಾದಲ್ಲಿ ಗುಲಾಮಳಾಗಿ ಮಾರಾಟವಾದಳು, ಕೊನೆಗೆ ಪುಯೆಬ್ಲಾದ ಒಂದು ಮನೆ ಸೇರಿದಳು. ಅಲ್ಲಿ ಆಕೆಯ ಹೆಸರು ಕತರೀನಾ ದೆ ಸಾನ್ ಹುವಾನ್. 1688ರಲ್ಲಿ ಆಕೆ ತೀರಿಕೊಂಡಾಗ ಊರಿನ ಜನ ಸಂತಳೆಂದು ಬಗೆದು ದರ್ಶನಕ್ಕೆ ಮುಗಿಬಿದ್ದರು. ಏಷ್ಯಾದವರನ್ನೆಲ್ಲ ‘ಚೀನಾದವರು’ ಎನ್ನುತ್ತಿದ್ದ ಕಾಲ. ಆಕೆ ‘ಪುಯೆಬ್ಲಾದ ಚೀನಿ ಹೆಣ್ಣು’ ಎಂದೇ ಪ್ರಸಿದ್ಧಳಾದಳು. ಮುದಗಲ್ಲಿನ ಅಕ್ಕಸಾಲಿಗನ ಮಗಳ ಹಾಗೆ ಈಕೆಯನ್ನೂ ಯಾರೂ ಏನು ಬೇಕೆಂದು ಕೇಳಲಿಲ್ಲ. ಸಂತೆಯ ಬುಟ್ಟಿಯಲ್ಲಿನ ಬಣ್ಣಗಳನ್ನು ಮೆಚ್ಚುವಾಗ ಅವುಗಳನ್ನು ತಂದ ಹಡಗಿನ ಕೆಳ ಅಂತಸ್ತಿನಲ್ಲಿ ಯಾರಿದ್ದರೆಂಬುದನ್ನೂ ನೆನೆಯಬೇಕಾಗುತ್ತದೆ.

ಬೇರುಬಿಟ್ಟವರು

ಮುದಗಲ್ಲಿಗೆ ಗೋವೆಯಿಂದ ಬಂದದ್ದು ಬೀಜಗಳು ಮಾತ್ರವಲ್ಲ. ಹದಿನಾರನೆಯ ಶತಮಾನದಲ್ಲಿ ಪಾದ್ರಿಗಳೂ ಬಂದರು. ಇಲ್ಲಿನ ಚರ್ಚು 1557ಕ್ಕೂ ಮುಂಚಿನದೆಂದು ಹಳೆಯ ಗೆಜೆಟಿಯರುಗಳು ಬರೆದಿವೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಚಾಂದಬೀಬಿಯ ಕುರಿತು 1878ರಲ್ಲಿ ಪ್ರಕಟವಾದ ತನ್ನ ಕಾದಂಬರಿಯಲ್ಲಿ ಮುದಗಲ್ಲಿನ ಕ್ರೈಸ್ತರನ್ನು ಪಾತ್ರಗಳಾಗಿಸಿದ್ದಾನೆ. ಹತ್ತಾರು ತಲೆಮಾರು ಕಳೆದಿವೆ. ಈ ಕುಟುಂಬಗಳ ಮನೆಮಾತು ಇಲ್ಲಿಯದೇ, ಊಟವೂ ಇಲ್ಲಿಯ ರೊಟ್ಟಿಯೇ. ಮೊಹರಂ ಬಂದರೆ ಊರೇ ಬೇರೆಯಾಗುತ್ತದೆ. ಹುಸೇನಿ ಆಲಂ ದರ್ಶನಕ್ಕೆ ಹಿಂದೂ-ಮುಸ್ಲಿಂ ಎನ್ನದೆ ದೂರದ ಊರುಗಳಿಂದ ಜನ ಸೇರುತ್ತಾರೆ, ಹರಕೆ ಹೊತ್ತವರು ಸಕ್ಕರೆ ಹಂಚುತ್ತಾರೆ.

ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಜಗಳ ನಮ್ಮ ಊರುಗಳಲ್ಲಿ ಆಗಾಗ ತಲೆ ಎತ್ತುತ್ತದೆ. ಆ ಪ್ರಶ್ನೆಗೆ ಸಂತೆಯ ಹೆಂಗಸಿನ ಬಳಿ ಒಂದು ಅಳತೆಗೋಲಿದೆ. ಯಾವ ಕಡಲು ದಾಟಿ ಬಂತೆಂದು ಆಕೆ ಕೇಳುವುದಿಲ್ಲ. ನಮ್ಮ ಮಣ್ಣಿನಲ್ಲಿ ಬೆಳೆಯಿತೇ, ಬೀಜ ಉಳಿಸಿಕೊಂಡೆವೇ, ಮನೆಯವರು ಉಂಡರೇ, ಹಾಗಾದರೆ ಅದು ಜವಾರಿ.

ಮುದಗಲ್ ಕೋಟೆಯ ಗೋಡೆಗಳು ಉಳಿಯಬೇಕು, ಕಂದಕದ ಜಾಲಿ ತೆಗೆಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಟೆ ತೋರಿಸಲು ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ಒಂದು ತಾಸು ಸಂತೆಯಲ್ಲಿಯೂ ನಿಲ್ಲಿಸಲಿ. ಒಂದೊಂದು ಬುಟ್ಟಿಯ ಮುಂದೆ ನಿಂತು ಇದು ಎಲ್ಲಿಂದ ಬಂತು, ಯಾರು ತಂದರು ಎಂದು ಕೇಳಿಸಲಿ. 1406, 1520, 1565 ಎಂದು ಬಾಯಿಪಾಠ ಮಾಡುವ ಇಸವಿಗಳಿಗೆ ಆಗ ವಾಸನೆ, ರುಚಿ ಬರುತ್ತದೆ.

ಅರ್ಧ ಕಿಲೋ ಮೆಣಸಿನಕಾಯಿ ಕೊಂಡೆ. ಇದು ಮೆಕ್ಸಿಕೋದಿಂದ ಬಂದ ಗಿಡವೆಂದು ಹೇಳಿದಾಗ ಆ ತಾಯಿ ತಕ್ಕಡಿ ಕೆಳಗಿಟ್ಟು ನಕ್ಕರು. “ಬಂದಿರಬೇಕು ಬಿಡಪ್ಪಾ. ನಾನೂ ಮಸ್ಕಿಯಿಂದ ಈ ಊರಿಗೆ ಸೊಸಿ ಆಗಿ ಬಂದಾಕಿನ” ಎನ್ನುತ್ತ ಮೇಲೊಂದು ಹಿಡಿ ಹಾಕಿ ಚೀಲದ ಬಾಯಿ ಕಟ್ಟಿದರು.