ಬತ್ತಿ ಕೋವಿಯಿಂದ ಕೋಲ್ಟ್ ಪಿಸ್ತೂಲಿನವರೆಗೆ: ದುರ್ಗದ ಸೀಮೆಯಿಂದ ಒಂದು ಸಮೀಕ್ಷೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆ ಲೈಸೆನ್ಸ್ ಇರುವ ಕೋವಿ ಎಂದರೆ ಹೆಚ್ಚಾಗಿ ಅಡಿಕೆ ತೋಟ, ಹೊಲ ಕಾಯಲು ಇಟ್ಟುಕೊಂಡ ಉದ್ದ ನಳಿಕೆಯ ಬಂದೂಕು. ಪಿಸ್ತೂಲು ಇರುವವರು ವಿರಳ. ಚುನಾವಣೆ ಘೋಷಣೆಯಾದಾಗ ಠಾಣೆಯಲ್ಲಿ ಕೋವಿ ಠೇವಣಿ ಇಡುವ ಸಾಲಿನಲ್ಲಿ ನಿಂತರೆ ಇದು ಗೊತ್ತಾಗುತ್ತದೆ. ಆದರೂ ಆತ್ಮರಕ್ಷಣೆಗೆ ಪಿಸ್ತೂಲು ಬೇಕೆನ್ನುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಅಮೆರಿಕದ್ದು ಗಟ್ಟಿಯಂತೆ, ಯಾವುದನ್ನು ಆರಿಸಬೇಕು? ಇದಕ್ಕೆ ಉತ್ತರ ಹೇಳಬೇಕಾದರೆ ಈ ಆಯುಧ ಬೆಳೆದು ಬಂದ ದಾರಿಯನ್ನೂ ನಮ್ಮ ಕಾನೂನು ಹಾಕಿದ ಗೆರೆಯನ್ನೂ ಒಟ್ಟಿಗೇ ನೋಡಬೇಕು.

ಮದ್ದಿನ ಕಾಲ

ದುರ್ಗದ ಏಳು ಸುತ್ತಿನ ಕೋಟೆಯೊಳಗೆ ಆಳದ ಗುಂಡಿಯೊಂದರಲ್ಲಿ ಮದ್ದು ಬೀಸುತ್ತಿದ್ದ ನಾಲ್ಕು ದೈತ್ಯ ಕಲ್ಲುಗಳಿವೆ. ಪೆಟ್ಲುಪ್ಪು, ಗಂಧಕ, ಇದ್ದಿಲನ್ನು ಹದವಾಗಿ ಬೆರೆಸಿ ನುಣ್ಣಗೆ ಅರೆದರೆ ಮಾತ್ರ ಮದ್ದು ಒಂದೇ ಸಮನೆ ಉರಿಯುತ್ತದೆ. 1568ರಿಂದ 1779ರವರೆಗೆ ದುರ್ಗವನ್ನು ಆಳಿದ ನಾಯಕರ ಕಾಲದ ಬತ್ತಿ ಕೋವಿಗಳಿಗೂ ತೋಪುಗಳಿಗೂ ಇದೇ ಜೀವ. ಬತ್ತಿ ಕೋವಿಯಲ್ಲಿ ಹೊತ್ತಿದ ಬತ್ತಿಯನ್ನು ಬಾಗಿಸಿ ಮದ್ದಿಗೆ ಮುಟ್ಟಿಸಬೇಕಿತ್ತು. ಮಳೆ ಬಂದರೆ ಬತ್ತಿ ಆರುತ್ತಿತ್ತು, ಗಾಳಿ ಬೀಸಿದರೆ ಕಿಡಿ ಹಾರುತ್ತಿತ್ತು. ಮುಂದೆ ಬಂದ ಚಕಮಕಿ ಕೋವಿ ಬತ್ತಿಯ ಕಾಟವನ್ನು ತಪ್ಪಿಸಿತು. ಆದರೆ ಒಂದು ಗುಂಡು ಹೊಡೆದ ಮೇಲೆ ಮತ್ತೆ ಮದ್ದು ಸುರಿದು ಗಜದಿಂದ ಗಿಡಿಯುವ ಕೆಲಸ ಹಾಗೆಯೇ ಉಳಿಯಿತು.

1779ರಲ್ಲಿ ದುರ್ಗದ ಮದಕರಿ ನಾಯಕನನ್ನು ಸೋಲಿಸಿದ ಹೈದರಾಲಿ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಕೋವಿ ಹಿಡಿದು ಬಾಳಿದ ಸಮುದಾಯ ಹೀಗೆ ಮೈಸೂರು ಸೈನ್ಯದ ಭಾಗವಾಯಿತು. ಟಿಪ್ಪುವಿನ ಕಾಲಕ್ಕೆ ಮೈಸೂರಿನ ಕಾರ್ಖಾನೆಗಳು ಚಕಮಕಿ ಬಂದೂಕು, ಪಿಸ್ತೂಲು, ರಾಕೆಟ್ಟುಗಳನ್ನು ತಯಾರಿಸುತ್ತಿದ್ದವು. ಅಂದರೆ ಆಯುಧದ ಕುಸುರಿ ಕೆಲಸ ಕನ್ನಡ ನಾಡಿಗೆ ಹೊರಗಿನಿಂದ ಬಂದ ಬೆರಗಾಗಿರಲಿಲ್ಲ. ಅದು ಇಲ್ಲಿಯೇ ಬೇರುಬಿಟ್ಟ ಕಸುಬು.

ಆಯುಧ ಕಸಿದ ಕಾಲ

ಆ ಬೇರನ್ನು ಕಿತ್ತದ್ದು ಬ್ರಿಟಿಷರ ಕಾನೂನು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧ ಒಪ್ಪಿಸಲು ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ನೇಣಿಗೇರಿಸಲಾಯಿತು. ಅತ್ತ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿತು. ಅದು ಈಗಲೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಉಳಿದವರಿಗೆ ಬ್ರಿಟಿಷ್ ಆಳ್ವಿಕೆಯ ಭಾಗಗಳಲ್ಲಿ 1878ರ ಶಸ್ತ್ರಾಸ್ತ್ರ ಕಾಯ್ದೆ, ಸ್ವಾತಂತ್ರ್ಯದ ನಂತರ ಎಲ್ಲೆಡೆ 1959ರ ಶಸ್ತ್ರಾಸ್ತ್ರ ಕಾಯ್ದೆ ಅನ್ವಯವಾದವು.

ಬ್ರೌನಿಂಗ್ ಯುಗ

ಇಲ್ಲಿ ಕೋವಿಗೆ ಬೀಗ ಬಿದ್ದ ಕಾಲದ ಹಿಂದೆ ಮುಂದೆ ಹೊರಗೆ ಎರಡು ದೊಡ್ಡ ಬದಲಾವಣೆಗಳಾದವು. 1836ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತಿರುಗುವ ಗುಂಡಿನಮನೆಯ ರಿವಾಲ್ವರಿಗೆ ಅಲ್ಲಿ ಪೇಟೆಂಟ್ ಪಡೆದ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. ಎರಡನೆಯದರ ಮಹತ್ವ ಹೆಚ್ಚು. ಕಪ್ಪು ಮದ್ದು ಉರಿದಾಗ ಉಳಿಯುವ ಮಸಿ ಬೇಗನೆ ಸೂಕ್ಷ್ಮ ಯಂತ್ರವನ್ನು ಕಚ್ಚಿಸಿಬಿಡುತ್ತದೆ. ಮಸಿ ಹೋದ ಮೇಲೆಯೇ ಸಿಡಿತದ ಬಲದಿಂದ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ ಪಿಸ್ತೂಲು ಸಾಧ್ಯವಾಯಿತು.

ಆ ಯಂತ್ರಕ್ಕೆ ಇಂದಿನ ರೂಪ ಕೊಟ್ಟವನು ಯೂಟಾ ಪ್ರಾಂತ್ಯದ ಆಗ್ಡೆನ್ನಿನ ಬಂದೂಕು ಕಸುಬುದಾರನ ಮಗ ಜಾನ್ ಮೋಸೆಸ್ ಬ್ರೌನಿಂಗ್. ನಳಿಕೆಯನ್ನು ಮುಚ್ಚಿ ಹಿಂದೆ ಮುಂದೆ ಜಾರುವ ಸ್ಲೈಡು ಅವನ ಕಾಣಿಕೆ. ಕೋಲ್ಟ್ ಕಂಪನಿಗಾಗಿ ಅವನು ರೂಪಿಸಿದ ಎರಡು ಪಿಸ್ತೂಲುಗಳು ನಮ್ಮ ಚರ್ಚೆಗೆ ಮುಖ್ಯ.

ಮೊದಲನೆಯದು 1903ರ .32 ಬೋರಿನ ಪಾಕೆಟ್ ಪಿಸ್ತೂಲು. ತೋಟಾದ ಬಲ ಕಡಿಮೆಯಾದ್ದರಿಂದ ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಒತ್ತಡವೇ ಸಾಕು, ಬೇರೆ ಬೀಗ ಬೇಡ. ಹ್ಯಾಮರ್ ಒಳಗೇ ಅಡಗಿರುವುದರಿಂದ ಬಟ್ಟೆಗೆ ಸಿಕ್ಕುವುದಿಲ್ಲ. ಹಿಡಿಕೆಯ ಹಿಂಬದಿಯ ಪಟ್ಟಿಯನ್ನು ಅಂಗೈ ಒತ್ತಿದರೆ ಮಾತ್ರ ಗುಂಡು ಹಾರುತ್ತದೆ. ಎರಡನೆಯದು 1911ರ .45 ಬೋರಿನ ಸೈನಿಕ ಪಿಸ್ತೂಲು. ಇಲ್ಲಿ ನಳಿಕೆಯ ಮೇಲಿನ ಏಣುಗಳು ಸ್ಲೈಡಿನ ತೋಡುಗಳಿಗೆ ಕಚ್ಚಿಕೊಂಡಿರುತ್ತವೆ. ಗುಂಡು ಹಾರಿದಾಗ ಎರಡೂ ಸ್ವಲ್ಪ ದೂರ ಜೊತೆಯಾಗಿ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ನಳಿಕೆ ಬಿಟ್ಟು ಒತ್ತಡ ಇಳಿದಿರುತ್ತದೆ. ಆಗ ಕೆಳಗಿನ ಪುಟ್ಟ ಕೊಂಡಿ ನಳಿಕೆಯ ಹಿಂಭಾಗವನ್ನು ತಗ್ಗಿಸಿ ಸ್ಲೈಡನ್ನು ಬಿಡಿಸುತ್ತದೆ. 1911ರ ಮಾರ್ಚ್ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ 6,000 ಗುಂಡು ಹಾರಿಸಿದರೂ ಒಮ್ಮೆಯೂ ತಡೆಯಾಗಲಿಲ್ಲ. ಅದೇ ತಿಂಗಳು ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡಿತು. 1985ರವರೆಗೆ ಅದೇ ಅಮೆರಿಕದ ಅಧಿಕೃತ ಸೇವಾ ಪಿಸ್ತೂಲಾಗಿತ್ತು.

ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡ. ಅವನು ಆರಂಭಿಸಿದ 9 ಎಂಎಂ ವಿನ್ಯಾಸವನ್ನು ಸಹೋದ್ಯೋಗಿ ಸೈವ್ ಪೂರ್ತಿಗೊಳಿಸಿ 1935ರಲ್ಲಿ ಹೊರತಂದ. ಎರಡನೇ ಮಹಾಯುದ್ಧದಲ್ಲಿ ಕೆನಡಾದಲ್ಲಿ ತಯಾರಾದ ಆ ಪಿಸ್ತೂಲಿನ ಮಾದರಿಯೇ ಮುಂದೆ ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯಲ್ಲಿ ಭಾರತದ ಪಡೆಗಳ 9 ಎಂಎಂ ಪಿಸ್ತೂಲಾಯಿತು.

ಆಮೇಲಿನದನ್ನು ಚುಟುಕಾಗಿ ಹೇಳಬಹುದು. 1950ರ ದಶಕದಲ್ಲಿ ಸ್ಮಿತ್ ಅಂಡ್ ವೆಸನ್ ಟ್ರಿಗರ್ ಎಳೆತವೇ ಹ್ಯಾಮರನ್ನು ಎತ್ತಿ ಬೀಳಿಸುವ ಡಬಲ್ ಆ್ಯಕ್ಷನ್ ಪಿಸ್ತೂಲನ್ನು ತಂದಿತು. ರೂಗರ್ ಎರಕದ ಉಕ್ಕಿನಿಂದ ಬೆಲೆ ಇಳಿಸಿತು. 1980ರ ದಶಕದಲ್ಲಿ ಆಸ್ಟ್ರಿಯಾದ ಗ್ಲಾಕ್ ಪಾಲಿಮರ್ ಚೌಕಟ್ಟಿನಿಂದ ಎಲ್ಲರ ಲೆಕ್ಕ ಬದಲಿಸಿತು. ಅಮೆರಿಕದ ಕಂಪನಿಗಳೂ ಅದೇ ಹಾದಿ ಹಿಡಿದವು.

ಭಾರತದ ಗೆರೆ

ಇಷ್ಟೆಲ್ಲ ಬೆಳವಣಿಗೆಯಲ್ಲಿ ನಮ್ಮ ಸಾಮಾನ್ಯ ನಾಗರಿಕನ ಪಾಲಿಗೆ ಬರುವುದು ಅಲ್ಪ. 9 ಎಂಎಂ ಮತ್ತು .45 ನಿಷೇಧಿತ ಬೋರುಗಳು. ಸಾಮಾನ್ಯವಾಗಿ ಸಿಗುವ ಬೋರು .32. ಖಾಸಗಿ ವ್ಯಕ್ತಿಗಳ ಆಮದು 1980ರ ದಶಕದ ನಡುವಿನಿಂದ ನಿಂತಿದೆ. ರಿಯಾಯಿತಿ ಇರುವುದು ಮುಖ್ಯವಾಗಿ ಹೆಸರಾಂತ ಗುರಿಕಾರ ಕ್ರೀಡಾಪಟುಗಳಿಗೆ. ಆದ್ದರಿಂದ ಅಂಗಡಿಯಲ್ಲಿ 'ಅಮೆರಿಕದ ಪಿಸ್ತೂಲು' ಎಂದು ತೋರಿಸುವುದು ನಿಷೇಧಕ್ಕೆ ಮುಂಚೆ ಬಂದು ಕೈ ಬದಲಾಯಿಸುತ್ತಾ ಉಳಿದ ಹಳೆಯ ಮಾಲು. ಅದರಲ್ಲಿ 1903ರ ಕೋಲ್ಟ್ .32 ಪ್ರಮುಖ. ಅದರ ತಯಾರಿಕೆ 1945ಕ್ಕೇ ನಿಂತಿದೆ. ಸರಬರಾಜು ಇಲ್ಲದ ಕಾರಣ ಬೆಲೆ ಗುಣಕ್ಕಿಂತ ಬಹಳ ಮೇಲಿರುತ್ತದೆ.

ಹೊಸತು ಬೇಕೆಂದರೆ ಈಶಾಪುರದ .32 'ಅಶನಿ' ಪಿಸ್ತೂಲು, ಕಾನ್ಪುರದ ರಿವಾಲ್ವರುಗಳು ಇವೆ. ಅಶನಿಯ ತೋಟಾ ಕೂಡ ಬ್ರೌನಿಂಗ್ 1899ರ ಸುಮಾರಿಗೆ ರೂಪಿಸಿದ್ದೇ.

ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಗಳು. 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು, ಬೆದರಿಕೆ ಇದೆ ಎನ್ನುವುದಕ್ಕೆ ಕಾರಣ ತೋರಿಸಬೇಕು. 2016ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ಸೇರಿಸಿವೆ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದವು, ಲೈಸೆನ್ಸಿನ ಅವಧಿ ಐದು ವರ್ಷಕ್ಕೆ ಏರಿತು. ಮದುವೆ, ಮೆರವಣಿಗೆಯಲ್ಲಿ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕೈಗೆತ್ತಿಕೊಂಡಾಗ

ಲೈಸೆನ್ಸ್ ಇದ್ದು ಹಳೆಯ ಕೋಲ್ಟ್ ನೋಡುವವರು ಮೊದಲು ಅದನ್ನು ಖಾಲಿ ಮಾಡಿ ನೋಡಬೇಕು. ಮ್ಯಾಗಜಿನ್ ತೆಗೆದರೆ ಸಾಲದು, ಸ್ಲೈಡ್ ಹಿಂದೆಳೆದು ನಳಿಕೆಯ ಮನೆಯನ್ನು ಕಣ್ಣಿಂದಲೂ ಬೆರಳಿಂದಲೂ ಪರೀಕ್ಷಿಸಬೇಕು. ಅಲ್ಲಿ ಉಳಿದ ಒಂದು ತೋಟಾ ಜೀವ ತೆಗೆದ ಪ್ರಕರಣಗಳು ಎಷ್ಟೋ. ಆಮೇಲೆ ಚೌಕಟ್ಟಿನ ಮೇಲಿನ ಸಂಖ್ಯೆ ಕಾಗದದಲ್ಲಿರುವುದಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. ಅರದಿಂದ ಉಜ್ಜಿದ ಗುರುತಿದ್ದರೆ ಅಲ್ಲಿಗೇ ಕೈಬಿಡಬೇಕು.

ನಳಿಕೆಯೊಳಗೆ ಬೆಳಕು ಹಾಯಿಸಿದರೆ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ತುಕ್ಕಿನ ಗುಳಿ, ಉಂಗುರದಂತಹ ಉಬ್ಬು ಇರಕೂಡದು. ಸ್ಲೈಡಿನಲ್ಲಿ ಕೂದಲೆಳೆ ಬಿರುಕಿದ್ದರೂ ಬೇಡ. ಸುರಕ್ಷಾ ಕೀಲಿ ಹಾಕಿ ಟ್ರಿಗರ್ ಒತ್ತಿದರೆ, ಹಿಡಿಕೆಯ ಪಟ್ಟಿ ಒತ್ತದೆ ಟ್ರಿಗರ್ ಎಳೆದರೆ, ಹ್ಯಾಮರ್ ಬೀಳಬಾರದು. ಹಳೆಯ ಪಿಸ್ತೂಲು ಹೆಚ್ಚಾಗಿ ಕೈಕೊಡುವುದು ಮ್ಯಾಗಜಿನ್ನಿನ ಬಾಗಿದ ತುಟಿಗಳಿಂದ ಮತ್ತು ದಣಿದ ಸ್ಪ್ರಿಂಗಿನಿಂದ. ಬಣ್ಣದ ಹೊಳಪು, ದಂತದ ಹಿಡಿಕೆ, ಅಮೆರಿಕದ ಮುದ್ರೆ, ಇವು ಯಾವುವೂ ಗುಣದ ಸಾಕ್ಷಿಯಲ್ಲ.

ತೀರ್ಪು

ಕೋಟೆಯ ಬೀಸುವ ಕಲ್ಲಿನಿಂದ ಬ್ರೌನಿಂಗನ ಕೊಂಡಿಯವರೆಗೆ ಕಸುಬುದಾರರು ಹುಡುಕಿದ್ದು ಒಂದನ್ನೇ: ಪ್ರತಿ ಸಲವೂ ಒಂದೇ ತೆರನಾಗಿ ಕೆಲಸ ಮಾಡುವ, ಬೇಡವಾದಾಗ ಸುಮ್ಮನಿರುವ ಆಯುಧ. ಒಳ್ಳೆಯ ಪಿಸ್ತೂಲಿನ ಅಳತೆಗೋಲು ಇದೇ ಆಗಿರಲಿ. ತೋಟ, ಹೊಲದ ಕಾಡುಹಂದಿ ಕಾಟಕ್ಕೆ ಪಿಸ್ತೂಲು ಉತ್ತರವಲ್ಲ. ಅದಕ್ಕೆ ಬೆಳೆ ರಕ್ಷಣೆಯ ಲೈಸೆನ್ಸೂ ಅರಣ್ಯ ಇಲಾಖೆಯ ನಿಯಮವೂ ಬೇರೆ ಇವೆ. ನಿಜವಾದ ಬೆದರಿಕೆ ಇರುವವರಿಗೆ ಕಾಗದ ಸರಿಯಿರುವ, ನುರಿತ ಆರ್ಮರರ್ (ಕೋವಿ ದುರಸ್ತಿಗಾರ) ಪರೀಕ್ಷಿಸಿದ ಕೋಲ್ಟ್ ಸಿಕ್ಕರೆ ಅದು ಇಂದಿಗೂ ನಂಬಬಹುದಾದ ಯಂತ್ರ. ಸಿಗದಿದ್ದರೆ ಬಿಡಿಭಾಗ ಸಿಗುವ ಹೊಸ ಭಾರತೀಯ .32 ವಾಸಿ. ಯಾವುದನ್ನೇ ಕೊಳ್ಳಿ, ಕೊಳ್ಳುವ ಮುನ್ನ ತರಬೇತಿ ಪಡೆಯಿರಿ. ಮನೆಗೆ ತಂದ ಮೇಲೆ ಪಿಸ್ತೂಲು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ, ಎರಡರ ಕೀಲಿಯೂ ಮಕ್ಕಳ ಕೈಗೆಟುಕದ ಕಡೆ ಇರಲಿ.