ಬೆಡಗಿನ ಸಂಪ್ರದಾಯಸ್ಥೆ: ಮುಂಬಯಿಯ ಜನಪ್ರಿಯ ಕಥನದಲ್ಲಿ ಉಡುಗೆ, ಉಯಿಲು ಮತ್ತು ವಿಚ್ಛೇದನ

ಮುಂಬಯಿಯಲ್ಲಿ ರೂಪುಗೊಂಡ ಜನಪ್ರಿಯ ಕಥನಗಳಲ್ಲಿ ಒಂದು ಸ್ತ್ರೀಪ್ರತಿಮೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆಕೆ ಸುಂದರಿ, ವಿದ್ಯಾವಂತೆ, ನಗರದ ನಯನಾಜೂಕುಗಳನ್ನೆಲ್ಲ ಬಲ್ಲವಳು. ಆದರೆ ಮನೆ, ಮದುವೆ, ಗಂಡ ಎಂಬ ವಿಷಯಗಳಲ್ಲಿ ಅಜ್ಜಿಯ ಕಾಲದ ನಂಬಿಕೆಗಳನ್ನು ಬಿಡದವಳು, ಅಥವಾ ಕಥೆ ಮುಗಿಯುವುದರೊಳಗೆ ಆ ನಂಬಿಕೆಗಳಿಗೆ ಮರಳುವವಳು. ಆಕೆಯನ್ನು ಬೆಡಗಿನ ಸಂಪ್ರದಾಯಸ್ಥೆ ಎಂದು ಕರೆಯಬಹುದು. ಜನಪ್ರಿಯ ಕಥನವೆಂದರೆ ಇಲ್ಲಿ ಮುಖ್ಯವಾಗಿ ಚಲನಚಿತ್ರ. ಮುಂಬಯಿಯ ಮಟ್ಟಿಗೆ ಅಚ್ಚಾದ ಕಾದಂಬರಿಗಿಂತ ಹೆಚ್ಚು ಜನರನ್ನು ತಲುಪಿದ ಕಥೆ ಅದೇ ಆದುದರಿಂದ ಈ ಆಯ್ಕೆ ಅನಿವಾರ್ಯ.

ಈ ಪ್ರತಿಮೆಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಉಡುಗೆಯ ಸುತ್ತಲೇ ಸುತ್ತುತ್ತವೆ. ಗೌನಿನಿಂದ ಸೀರೆಗೆ, ಕತ್ತರಿಸಿದ ಕೂದಲಿನಿಂದ ಜಡೆಗೆ, ಕ್ಲಬ್ಬಿನಿಂದ ದೇವರ ಮನೆಗೆ ಆಕೆ ಸಾಗುವ ಹಾದಿಯನ್ನು ಪೂರ್ವ-ಪಶ್ಚಿಮಗಳ ಸಂಘರ್ಷವೆಂದು ವಿವರಿಸುವುದು ರೂಢಿ. ಇದು ತಪ್ಪಲ್ಲ, ಆದರೆ ಸಾಲದು. ಸೀರೆಯ ಸೆರಗನ್ನು ತುಸು ಸರಿಸಿ ನೋಡಿದರೆ ಅದರ ಹಿಂದೆ ಒಂದು ಉಯಿಲು, ಒಂದು ಆಸ್ತಿಪತ್ರ, ಒಂದು ನ್ಯಾಯಾಲಯ ಕಾಣಿಸುತ್ತವೆ ಎಂಬುದು ಈ ಲೇಖನದ ಪ್ರತಿಪಾದನೆ. ಈ ಚರಿತ್ರೆಯಲ್ಲಿ ಕನ್ನಡ ನಾಡಿನ ಮೂಲದವರ ಪಾಲು ಸಣ್ಣದಲ್ಲ. ಹೊರನಾಡಿನ ಸಂಶೋಧಕರು ಅದನ್ನು ಗಮನಿಸಬೇಕಾಗಿದೆ.

ಪ್ರತಿಮೆಯ ಮೊದಲ ಘಟ್ಟವನ್ನು ಬೇಗನೆ ಹೇಳಿ ಮುಗಿಸಬಹುದು. ಇಂಪೀರಿಯಲ್ ಕಂಪನಿಯ ತಾರೆ ಸುಲೋಚನಾ ಮೂಕಿಚಿತ್ರಗಳ ಕಾಲದಲ್ಲಿ 'ಟೈಪಿಸ್ಟ್ ಗರ್ಲ್', 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ' ಮುಂತಾದ ಚಿತ್ರಗಳಲ್ಲಿ ನಗರದ ಹೊಸ ಹೆಣ್ಣಾಗಿ ಮೆರೆದವರು. ೧೯೩೪ರ 'ಇಂದಿರಾ ಎಂ.ಎ.' ಚಿತ್ರದಲ್ಲಿ ಅವರದು ವಿದೇಶದಲ್ಲಿ ಓದಿ ಬಂದ ಹುಡುಗಿಯ ಪಾತ್ರ. ಅಲ್ಲಿ ಓದಿಗೂ ಮದುವೆಯ ಆಯ್ಕೆಗೂ ನಡುವಣ ಬಿಕ್ಕಟ್ಟೇ ಕಥೆಯ ಹುರುಳು. ಪದವಿಯನ್ನೇ ಶೀರ್ಷಿಕೆಯಾಗಿಸಿಕೊಂಡ ಚಿತ್ರವೊಂದು ಆ ಕಾಲದ ಪ್ರೇಕ್ಷಕರನ್ನು ಸೆಳೆಯಬಲ್ಲದಾಗಿತ್ತು ಎಂಬುದೇ ಒಂದು ಸೂಚನೆ.

ಇನ್ನೂ ಹೆಚ್ಚು ಗಮನಾರ್ಹವಾದುದು ಲೀಲಾ ಚಿಟ್ಣಿಸ್ ಅವರ ಉದಾಹರಣೆ. ಧಾರವಾಡದಲ್ಲಿ, ಮರಾಠಿ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಇವರು ಪದವೀಧರೆ. ಪತಿಯಿಂದ ಬೇರ್ಪಟ್ಟು ಮಕ್ಕಳನ್ನು ಸಾಕುವ ಹೊಣೆ ಹೊತ್ತು ರಂಗಭೂಮಿಗೂ ಅಲ್ಲಿಂದ ಚಲನಚಿತ್ರಕ್ಕೂ ಬಂದವರು. ೧೯೩೭ರ 'ಜಂಟಲ್‌ಮನ್ ಡಾಕು' ಚಿತ್ರದ ಪ್ರಚಾರದಲ್ಲಿ ಅವರ ಪದವಿಯನ್ನೇ ಎತ್ತಿ ಹೇಳಲಾಯಿತು. ಮುಂಬಯಿಯ ಉಪನಗರ ಮಲಾಡಿನಲ್ಲಿದ್ದ ಬಾಂಬೆ ಟಾಕೀಸ್ ಅವರನ್ನು ೧೯೩೯ರ 'ಕಂಗನ್' ಚಿತ್ರದಲ್ಲಿ ಹಳ್ಳಿಯ ಮುಗ್ಧ ಹುಡುಗಿಯಾಗಿಸಿತು. ೧೯೪೧ರಲ್ಲಿ ಅವರು ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಆ ಸಾಬೂನಿಗೆ ರೂಪದರ್ಶಿಯಾದ ಮೊದಲ ಭಾರತೀಯ ತಾರೆ ಅವರೇ. ಹೀಗೆ ಒಂದೇ ಮುಖ ಏಕಕಾಲಕ್ಕೆ ಸಾಬೂನಿನ ಬೆಡಗನ್ನೂ ಹಳ್ಳಿಯ ಶೀಲವನ್ನೂ ಮಾರಬಲ್ಲುದು ಎಂಬುದನ್ನು ಮುಂಬಯಿಯ ಉದ್ಯಮ ಕಂಡುಕೊಂಡಿತು. ತನ್ನ ದುಡಿಮೆಯಿಂದ ಸಂಸಾರ ನಡೆಸಿದ ಹೆಣ್ಣಿನ ನಿಜಜೀವನ ಮಾತ್ರ ತೆರೆಯ ಮೇಲೆ ಕಥೆಯಾಗಲಿಲ್ಲ. ಅವರೇ ಮರಾಠಿಯಲ್ಲಿ 'ಚಂದೇರಿ ದುನಿಯೇತ್' ಎಂಬ ಆತ್ಮಕಥನ ಬರೆಯುವವರೆಗೂ ಅದು ಕಾಯಬೇಕಾಯಿತು.

ಆದರೆ ಪ್ರತಿಮೆಗೆ ಅದರ ಪೂರ್ಣ ರೂಪ ದೊರೆತದ್ದು ೧೯೫೫ರಲ್ಲಿ, 'ಮಿಸ್ಟರ್ ಅಂಡ್ ಮಿಸೆಸ್ ೫೫' ಚಿತ್ರದಲ್ಲಿ. ನಿರ್ದೇಶಕ ಮತ್ತು ನಾಯಕ ಗುರುದತ್ತ್ ಬೆಂಗಳೂರಿನಲ್ಲಿ ೧೯೨೫ರಲ್ಲಿ ಹುಟ್ಟಿದ ಚಿತ್ರಾಪುರ ಸಾರಸ್ವತರು. ಅವರ ತಾಯಿ ವಾಸಂತಿ ಪಡುಕೋಣೆ ಮಗನನ್ನು ಕುರಿತು ಕನ್ನಡದಲ್ಲಿಯೇ ಪುಸ್ತಕ ಬರೆದಿದ್ದಾರೆ. ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು; ಮುಂದೆ ೨೦೦೮ರ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ಚಿತ್ರದ ನಾಯಕ ಪ್ರೀತಮ್ ವ್ಯಂಗ್ಯಚಿತ್ರಕಾರ. ಅವನ ಹೆಸರಿನಲ್ಲಿ ತೆರೆಯ ಮೇಲೆ ಮೂಡುವ ವ್ಯಂಗ್ಯಚಿತ್ರಗಳನ್ನು ಬರೆದ ಕೈ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರದು. ನಮ್ಮ ಲೇಖನಗಳಲ್ಲಿ ಈ ಮೂವರನ್ನೂ 'ನಮ್ಮವರು' ಎಂದು ಹೆಮ್ಮೆಯಿಂದ ಎಣಿಸುವ ಪರಿಪಾಠವಿದೆ. ಅವರು ಕೂಡಿ ಕಟ್ಟಿದ ಈ ಕಥೆ ಏನನ್ನು ಹೇಳುತ್ತದೆ ಎಂದು ಕೇಳುವ ಪರಿಪಾಠ ಅಷ್ಟಾಗಿಲ್ಲ.

ಕಥೆಯ ಮೂಲದಲ್ಲಿರುವುದು ಒಂದು ಉಯಿಲು. ನಾಯಕಿ ಅನಿತಾ (ಮಧುಬಾಲಾ) ನಿಗದಿತ ಅವಧಿಯೊಳಗೆ ಮದುವೆಯಾದರೆ ಮಾತ್ರ ತೀರಿಹೋದ ತಂದೆಯ ಲಕ್ಷಗಟ್ಟಲೆ ಹಣ ಅವಳದಾಗುತ್ತದೆ. ಅವಳನ್ನು ಸಾಕಿದ ಸೋದರತ್ತೆ ಸೀತಾದೇವಿ ಸ್ತ್ರೀಸ್ವಾತಂತ್ರ್ಯದ ಹೋರಾಟಗಾರ್ತಿ, ವಿಚ್ಛೇದನ ಮಸೂದೆಯ ಪರವಾಗಿ ಭಾಷಣ ಮಾಡುವವಳು. ಹಣಕ್ಕಾಗಿ ಒಂದು ತೋರಿಕೆಯ ಮದುವೆ, ಬಳಿಕ ವಿಚ್ಛೇದನ ಎಂಬುದು ಆಕೆಯ ಯೋಜನೆ. ಕೆಲಸವಿಲ್ಲದ ಪ್ರೀತಮ್ ಆ ತೋರಿಕೆಯ ಗಂಡ. ಅವನು ಅನಿತಾಳನ್ನು ನಗರದಿಂದಾಚೆ ತನ್ನ ಅಣ್ಣನ ಮನೆಗೆ ಕರೆದೊಯ್ಯುತ್ತಾನೆ. ಅಲ್ಲಿ ಅತ್ತಿಗೆ ದುಡಿಯುತ್ತ, ಮಕ್ಕಳನ್ನು ನೋಡಿಕೊಳ್ಳುತ್ತ, ತನ್ನ ಮನೆಯ ಕೆಲಸ ತನಗೆ ಭಾರವೆ ಎಂದು ಕೇಳುತ್ತಾಳೆ. ಗಂಡ ಹೊಡೆದರೆ ಏನು ಎಂಬ ಪ್ರಶ್ನೆಗೆ, ಪ್ರೀತಿಸುವವನೂ ಅವನೇ ತಾನೇ ಎಂಬರ್ಥದ ಉತ್ತರ ಕೊಡುತ್ತಾಳೆ. ಚಿತ್ರದ ಬೋಧೆಯೆಲ್ಲ ಈ ಸಣ್ಣ ಸಂಭಾಷಣೆಯಲ್ಲಿದೆ. ಇಂದು ಈ ಮಾತು ಕೇಳಿ ಮುಜುಗರವಾಗುತ್ತದೆ. ಆದರೆ ಹಾಸ್ಯದ ಲಾಲಿತ್ಯ, ಹಾಡುಗಳ ಇಂಪು, ಮೂರ್ತಿಯವರ ನೆರಳು-ಬೆಳಕು ಎಲ್ಲವೂ ಸೇರಿ ಆ ಮುಜುಗರವನ್ನು ಬಹುಮಟ್ಟಿಗೆ ಮರೆಸಿಬಿಡುತ್ತವೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು.

ಇಲ್ಲಿ ಇಬ್ಬರು ಆಧುನಿಕ ಸ್ತ್ರೀಯರಿದ್ದಾರೆ ಎಂಬುದನ್ನು ಗಮನಿಸಬೇಕು. ಅನಿತಾಳ ಸೌಂದರ್ಯಕ್ಕೆ ಚಿತ್ರ ಯಾವ ಶಿಕ್ಷೆಯನ್ನೂ ವಿಧಿಸುವುದಿಲ್ಲ. ಅವಳ ಬೆಡಗು ಹಾಗೆಯೇ ಉಳಿದು, ಅದರೊಳಗಿನ ಮನಸ್ಸು ಮಾತ್ರ ಬದಲಾಗುತ್ತದೆ. ಶಿಕ್ಷೆಯೆಲ್ಲ ಸೋದರತ್ತೆಗೆ. ಆ ಪಾತ್ರ ವಹಿಸಿದ ಲಲಿತಾ ಪವಾರ್ ಸ್ವತಃ ಒಂದು ಕಾಲದ ನಾಯಕಿ; ಚಿತ್ರೀಕರಣದಲ್ಲಿ ಬಿದ್ದ ಪೆಟ್ಟಿನಿಂದ ಕಣ್ಣಿಗೆ ಊನವಾಗಿ ಕಟುಸ್ವಭಾವದ ಪಾತ್ರಗಳಿಗೆ ಸರಿಯಬೇಕಾದವರು. ಕಾನೂನಿನ ಮಾತಾಡುವ ಹೆಣ್ಣಿಗೆ ಸೀತೆಯ ಹೆಸರಿಟ್ಟು ನಗಿಸುವುದೂ, ಬೆಡಗನ್ನು ಬಾಯಿ ಬಿಡದವಳಿಗೆ ಒಪ್ಪಿಸುವುದೂ ಒಂದೇ ತಂತ್ರದ ಎರಡು ಮುಖಗಳು.

ಚಿತ್ರದ ಕಾಲವನ್ನು ಕಾನೂನಿನ ಚರಿತ್ರೆಯೊಡನೆ ಇಟ್ಟು ನೋಡಿದಾಗ ಈ ತಂತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಹಿಂದೂ ಸಂಹಿತೆಯ ಮಸೂದೆ ನೆನೆಗುದಿಗೆ ಬಿದ್ದುದು ಡಾ. ಅಂಬೇಡ್ಕರ್ ೧೯೫೧ರಲ್ಲಿ ಕಾನೂನು ಮಂತ್ರಿಯ ಸ್ಥಾನವನ್ನು ತ್ಯಜಿಸಲು ಒಂದು ಮುಖ್ಯ ಕಾರಣವಾಯಿತು. ಆ ಬಳಿಕ ಸಂಹಿತೆಯನ್ನು ಬಿಡಿಸಿ ೧೯೫೫ರಲ್ಲಿ ವಿವಾಹ ಕಾಯಿದೆಯನ್ನೂ ೧೯೫೬ರಲ್ಲಿ ಉತ್ತರಾಧಿಕಾರ ಮೊದಲಾದ ಮೂರು ಕಾಯಿದೆಗಳನ್ನೂ ಮಾಡಲಾಯಿತು. ಚಿತ್ರದ ಹೆಸರಿನಲ್ಲಿರುವ ೫೫ ಎಂಬ ಅಂಕಿ ಈ ವಿವಾಹ ಕಾಯಿದೆಯ ವರ್ಷವನ್ನೇ ಸೂಚಿಸುತ್ತದೆ. ಆದರೆ ವಿಚ್ಛೇದನವೆಂಬುದು ಮುಂಬಯಿಗೆ ದೆಹಲಿಯಿಂದ ಆಗತಾನೆ ಬಂದಿಳಿದ ಹೊಸ ಸಂಗತಿಯಾಗಿರಲಿಲ್ಲ. ಮುಂಬಯಿ ಪ್ರಾಂತದ ಹಿಂದೂ ವಿಚ್ಛೇದನ ಕಾಯಿದೆ ೧೯೪೭ರಲ್ಲಿಯೇ ಬಂದಿತ್ತು. ಅದಕ್ಕೂ ಒಂದು ವರ್ಷ ಮೊದಲು ದ್ವಿಪತ್ನಿತ್ವವನ್ನು ನಿಷೇಧಿಸಲಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ೧೯೫೬ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದುದರಿಂದ ಉತ್ತರ ಕರ್ನಾಟಕದ ಹಿಂದೂ ಸ್ತ್ರೀಯರಿಗೂ ಈ ಕಾಯಿದೆಗಳು ಅನ್ವಯಿಸುತ್ತಿದ್ದವು. ಇನ್ನು ಮೂರ್ತಿ, ಲಕ್ಷ್ಮಣ್ ಅವರ ಮೈಸೂರು ಸಂಸ್ಥಾನವಂತೂ ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯ ಮೂಲಕ ಅವರ ಆಸ್ತಿಯ ಹಕ್ಕನ್ನು ವಿಸ್ತರಿಸಿತ್ತು.

ಕಥೆಯ ಯೋಜನೆ ಹೊಸ ಕಾಯಿದೆಗೆ ಹೊಂದುವಂಥದೂ ಅಲ್ಲ. ೧೯೫೫ರ ವಿವಾಹ ಕಾಯಿದೆಯ ಮೂಲಪಾಠದ ಪ್ರಕಾರ, ವಿಶೇಷ ಸಂಕಷ್ಟದ ಪ್ರಸಂಗಗಳನ್ನು ಬಿಟ್ಟರೆ, ಮದುವೆಯಾಗಿ ಮೂರು ವರ್ಷ ಕಳೆಯದೆ ವಿಚ್ಛೇದನದ ಅರ್ಜಿ ಹಾಕುವಂತಿರಲಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನವಂತೂ ೧೯೭೬ರ ತಿದ್ದುಪಡಿಯವರೆಗೆ ಅದರಲ್ಲಿ ಇರಲೇ ಇಲ್ಲ. ಇಂದು ಮದುವೆ, ನಾಳೆ ಬಿಡುಗಡೆ ಎಂಬ ಸೀತಾದೇವಿಯ ಲೆಕ್ಕಾಚಾರ ಚಿತ್ರಕಥೆಯಲ್ಲಿ ಮಾತ್ರ ಸಾಧ್ಯ. ಹಾಸ್ಯಚಿತ್ರವೊಂದನ್ನು ಕಾಯಿದೆಯ ಕಲಮುಗಳಿಂದ ಅಳೆಯುವುದು ಅರಸಿಕತೆಯೆಂದು ಯಾರಾದರೂ ಹೇಳಿಯಾರು. ಆದರೆ ಈ ಚಿತ್ರ ತಾನೇ ಕಾಯಿದೆಯನ್ನು ಕಥಾವಸ್ತುವಾಗಿಸಿಕೊಂಡಿದೆ. ಕಾಯಿದೆ ಎಷ್ಟು ಬಿಗಿಯಾಗಿತ್ತೋ ಕಥೆಯಲ್ಲಿ ಅದು ಅಷ್ಟೇ ಸಡಿಲವಾಗಿ ಕಾಣುತ್ತದೆ. ಪ್ರೇಕ್ಷಕನ ಆತಂಕಕ್ಕೆ ಆಧಾರವಾದುದು ಈ ಸಡಿಲ ಚಿತ್ರವೇ.

ಉಯಿಲಿನ ವಿಷಯ ಇನ್ನೂ ಕುತೂಹಲಕರ. ಮಿತಾಕ್ಷರದ ಮುಂಬಯಿ ಶಾಖೆಯಲ್ಲಿ ತಂದೆಯ ಸ್ವತ್ತನ್ನು ಉತ್ತರಾಧಿಕಾರಿಯಾಗಿ ಪಡೆದ ಮಗಳು, ೧೯೫೬ಕ್ಕೆ ಮೊದಲೂ, ಅದಕ್ಕೆ ಪೂರ್ಣ ಒಡತಿ. ಬೇರೆ ಪ್ರಾಂತಗಳ ಹೆಣ್ಣುಮಕ್ಕಳಿಗೆ ದೊರೆಯುತ್ತಿದ್ದ ಜೀವಾವಧಿಯ ಸೀಮಿತ ಹಕ್ಕಲ್ಲ ಅದು. ಅಂದರೆ ಮುಂಬಯಿಯ ಅನಿತಾ, ಸೋದರರಿಲ್ಲದಿದ್ದಲ್ಲಿ, ಯಾವ ಮದುವೆಯೂ ಇಲ್ಲದೆ ತಂದೆಯ ಹಣಕ್ಕೆ ಹಕ್ಕುದಾರಳಾಗಬಹುದಾಗಿತ್ತು. ಅದಕ್ಕೆಂದೇ ಕಥೆಗೆ ಷರತ್ತಿನ ಉಯಿಲು ಬೇಕಾಯಿತು. ಸತ್ತ ತಂದೆಯ ಕೈಬರಹವಿಲ್ಲದಿದ್ದರೆ ಆಕೆಯನ್ನು ಮದುವೆಗೆ ಕಟ್ಟುವ ಹಗ್ಗವೇ ಇರುತ್ತಿರಲಿಲ್ಲ. ಕೊನೆಗೆ ಪ್ರೇಮ ಗೆದ್ದು ಅನಿತಾ ವಿಮಾನ ನಿಲ್ದಾಣಕ್ಕೆ ಧಾವಿಸಿ ಗಂಡನನ್ನು ಸೇರುವಾಗ, ಆ ಹಣದ ಗತಿಯೇನಾಯಿತೆಂದು ಕೇಳುವ ವ್ಯವಧಾನ ಯಾರಿಗೂ ಉಳಿದಿರುವುದಿಲ್ಲ.

ಹೋಲಿಕೆಗಾಗಿ ಮುಂಬಯಿಯಿಂದ ಹೊರಗೆ, ಕನ್ನಡದ್ದೇ ಒಂದು ಕಥೆಯನ್ನು ನೋಡುವುದು ಉಪಯುಕ್ತ. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲ್ ೧೯೬೭ರಲ್ಲಿ ನಿರ್ದೇಶಿಸಿದ 'ಬೆಳ್ಳಿಮೋಡ'ದಲ್ಲಿಯೂ ಕಥೆಯ ಕೀಲು ಆಸ್ತಿಯೇ. ಸಿರಿವಂತ ಮನೆಯ ಒಬ್ಬಳೇ ಮಗಳು ಇಂದಿರೆಯನ್ನು ಮದುವೆಯಾಗಲು ಒಪ್ಪಿದ ಮೋಹನನಿಗೆ ಆಕೆಯ ತಂದೆಯ ಹಣದಿಂದ ವಿದೇಶದ ಓದು. ಆಕೆಗೆ ತಮ್ಮನೊಬ್ಬ ಹುಟ್ಟಿದೊಡನೆ ಅವನ ಲೆಕ್ಕ ಬದಲಾಗುತ್ತದೆ. ಆಸ್ತಿ ಸ್ವಯಾರ್ಜಿತವಾಗಿದ್ದರೆ ೧೯೫೬ರ ಕಾಯಿದೆಯಂತೆ ಮಗಳಿಗೂ ಪಾಲುಂಟು; ಆದರೆ ಕಥೆಯ ಲೋಕದಲ್ಲಿ ಗಂಡುಮಗು ಹುಟ್ಟಿದರೆ ಹೆಣ್ಣುಮಗಳು ಬರಿಗೈಯವಳು. ಸಮಾಜದ ರೂಢಿ ಕಾಯಿದೆಗಿಂತ ಹಿಂದೆ ಉಳಿದಿತ್ತೆಂಬುದಕ್ಕೆ ಇದೂ ಒಂದು ಸಾಕ್ಷಿ. ಮುಂದೆ ಗಾಯಗೊಂಡು ಆಕೆಯ ಆರೈಕೆಯಲ್ಲಿ ಚೇತರಿಸಿಕೊಂಡ ಮೋಹನ ಮತ್ತೆ ಕೈಹಿಡಿಯಲು ಬಂದಾಗ ಇಂದಿರೆ ಒಲ್ಲೆನೆನ್ನುತ್ತಾಳೆ.

ಆ ಪಾತ್ರ ವಹಿಸಿದ ಕಲ್ಪನಾ ಮುಂದೆ 'ಮಿನುಗುತಾರೆ' ಎನಿಸಿ, ಅವರ ಸೀರೆ, ರವಿಕೆ, ಬಳೆಗಳನ್ನು ನಾಡಿನ ಹೆಂಗಳೆಯರೆಲ್ಲ ಅನುಕರಿಸುವಷ್ಟು ಬೆಡಗಿನ ಮಾದರಿಯಾದರು. ಮೇಲ್ನೋಟಕ್ಕೆ ಇಂದಿರೆಯೂ ಸಂಪ್ರದಾಯಸ್ಥೆಯೇ: ಸೀರೆಯುಟ್ಟವಳು, ಸೇವೆ ಮಾಡುವವಳು, ತಾಯಿಲ್ಲದ ತಮ್ಮನನ್ನು ಸಾಕುವವಳು. ಆದರೂ ಮುಂಬಯಿಯ ಅನಿತಾ ಎಲ್ಲಿ 'ಹೂಂ' ಎಂದಳೋ ಅಲ್ಲಿ ಈಕೆ 'ಊಹೂಂ' ಎನ್ನುತ್ತಾಳೆ. ಸಂಪ್ರದಾಯದ ಉಡುಗೆ ಒಪ್ಪಿಗೆಯ ಗುರುತೆಂದು ಭಾವಿಸುವ ವಿಮರ್ಶೆ ಇಲ್ಲಿ ಎಡವುತ್ತದೆ. ಹೊರನಾಡಿನ ತೌಲನಿಕ ಅಧ್ಯಯನಗಳು ಮುಂಬಯಿಯ ಅಚ್ಚನ್ನೇ ಭಾರತದ ಅಚ್ಚೆಂದು ಹಿಡಿಯುವುದು ಸರಿಯಲ್ಲವೆಂಬುದಕ್ಕೆ ಈ ಒಂದು ನಿರಾಕರಣೆ ಸಾಕು.

ಮತ್ತೆ ಮುಂಬಯಿಗೆ ಬಂದರೆ, ೧೯೭೦ರ 'ಪೂರಬ್ ಔರ್ ಪಶ್ಚಿಮ್' ಚಿತ್ರದ ಹೊಂಬಣ್ಣದ ಕೂದಲಿನ, ಸಿಗರೇಟು ಸೇದುವ ಲಂಡನ್ನಿನ ಪ್ರೀತಿ ಅದೇ ಹಳೆಯ ಹಾದಿ ಹಿಡಿದವಳು. ಅಲ್ಲಿ ಹೊಸತೇನೂ ಇಲ್ಲ. ಅಚ್ಚಾದ ಕಥೆಗಳಲ್ಲಿ ಮಾತ್ರ ಒಂದು ಬಿರುಕು ಕಾಣಿಸಿತು. ಶೋಭಾ ಡೇ ಅವರು ೧೯೮೯ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ಸೋಷಲೈಟ್ ಈವ್ನಿಂಗ್ಸ್' ಕಾದಂಬರಿಯ ನಾಯಕಿಯೂ ಮುಂಬಯಿಯ ಬೆಡಗಿಯೇ; ಆದರೆ ಅವಳ ಕಥೆ ವಿಚ್ಛೇದನದೊಡನೆ ಮುಗಿಯುವುದಿಲ್ಲ. ಆ ಬರವಣಿಗೆಯ ಗುಣಮಟ್ಟದ ಬಗ್ಗೆ ಏನೇ ಆಕ್ಷೇಪವಿರಲಿ, ಈ ಅಂಶವನ್ನು ಅಲ್ಲಗಳೆಯಲಾಗದು.

೧೯೯೪ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕಗಳೆರಡೂ ಉತ್ತರಾಧಿಕಾರ ಕಾಯಿದೆಯನ್ನು ತಿದ್ದಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟವು. ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳು ಮಾತ್ರ ಹೊರಗುಳಿದರು. ಇಡೀ ದೇಶಕ್ಕೆ ಆ ಹಕ್ಕು ಬಂದುದು ೨೦೦೫ರಲ್ಲಿ. ಈ ನಡುವೆ, ೧೯೯೮ರಲ್ಲಿ, 'ಕುಛ್ ಕುಛ್ ಹೋತಾ ಹೈ' ಚಿತ್ರದ ಟೀನಾ ಬಂದಳು. ವಿದೇಶದಲ್ಲಿ ಓದಿ ಬಂದ, ಗಿಡ್ಡ ಉಡುಪಿನ ಈ ಹುಡುಗಿಗೆ ಕಾಲೇಜಿನ ಗೆಳೆಯರು ಹಿಂದಿ ಹಾಡೊಂದನ್ನು ಹಾಡೆಂದು ಛೇಡಿಸಿದಾಗ ಅವಳು ಹಾಡುವುದು ದೇವರ ಆರತಿಯನ್ನು, ನಾಯಕ ಬೆರಗಾಗುತ್ತಾನೆ. ಅನಿತಾಳಂತೆ ಈಕೆ ಬದಲಾಗಬೇಕಾಗಿಲ್ಲ, ಎರಡೂ ಗುಣಗಳನ್ನು ಹೊತ್ತುಕೊಂಡೇ ತೆರೆಗೆ ಬಂದಿದ್ದಾಳೆ. ಹುಡುಗರ ಹಾಗೆ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಅಂಜಲಿ ಮಾತ್ರ ಕೂದಲು ಬೆಳೆಸಿ ಸೀರೆಯುಟ್ಟ ಮೇಲೆಯೇ ನಾಯಕನ ಕಣ್ಣಿಗೆ ಬೀಳುತ್ತಾಳೆ. ಈ ಇಬ್ಬರ ಕಥೆಯಲ್ಲಿ ಉಯಿಲಿಲ್ಲ, ನ್ಯಾಯಾಲಯವಿಲ್ಲ, ಆಸ್ತಿಯ ಮಾತೇ ಇಲ್ಲ. ಸಭೆಗಳಲ್ಲಿ ಕಾನೂನಿನ ಪರ ಭಾಷಣ ಮಾಡಿ ನಗೆಪಾಟಲಿಗೀಡಾಗುವ ಸೋದರತ್ತೆಯೂ ಇಲ್ಲ. ೧೯೫೫ರಲ್ಲಿ ಸೀತಾದೇವಿಯನ್ನು ಗೇಲಿ ಮಾಡುವುದಕ್ಕಾದರೂ ಅವಳ ವಾದವನ್ನು ತೆರೆಯ ಮೇಲೆ ಆಡಿಸಬೇಕಾಗಿತ್ತು. ೧೯೯೮ರ ಹೊತ್ತಿಗೆ ಆ ಅಗತ್ಯವೂ ಉಳಿದಿರಲಿಲ್ಲ.